ಮಂದ್ರ ಸ್ವರಕ್ಕೊಂದು ಪೆಟ್ಟಿಗೆ

ಒಂದು ಸರಳ ಪ್ರಯೋಗದಿಂದ ಆರಂಭಿಸೋಣ. ಬೆಳಗಾವಿಯಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿರುವ ಖಾನಾಪುರ ಮಣ್ಣಿನ ಕೆಲಸಕ್ಕೆ ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೂ ಅಲ್ಲಿದೆ. ಅಲ್ಲಿಯದೋ ನಿಮ್ಮೂರಿನದೋ ಒಂದು ಮಣ್ಣಿನ ಗಡಿಗೆ ತನ್ನಿ. ಅದು 10 ಲೀಟರ್ ನೀರು ಹಿಡಿಯುವಂಥದಾಗಿರಲಿ. ಬಾಯಿ 8 ಸೆಂಟಿಮೀಟರ್ ಅಗಲ, ಕತ್ತು 3 ಸೆಂಟಿಮೀಟರ್ ಎತ್ತರ ಇರಲಿ. ಬಾಯಿಯ ಬಳಿ ಮುಖವಿಟ್ಟು 'ಊ' ಎಂದು ಕೆಳಗಿನ ಸ್ವರದಿಂದ ಮೇಲಿನ ಸ್ವರದವರೆಗೆ ದನಿಯನ್ನು ನಿಧಾನವಾಗಿ ಏರಿಸುತ್ತ ಹೋಗಿ. ಒಂದು ಸ್ವರದಲ್ಲಿ ಮಾತ್ರ ಗಡಿಗೆ ನಿಮ್ಮ ಜೊತೆಗೆ ಗುಂಯ್‌ಗುಡುತ್ತದೆ. ಗಡಿಗೆಯ ಹೊಟ್ಟೆಯ ಮೇಲೆ ಕೈಯಿಟ್ಟರೆ ನಡುಕ ತಿಳಿಯುತ್ತದೆ.

ಇದೇ ಅನುರಣನೆ. ಕತ್ತಿನಲ್ಲಿರುವ ಗಾಳಿ ಒಂದು ತೂಕದ ಬಟ್ಟಿನಂತೆ, ಹೊಟ್ಟೆಯಲ್ಲಿರುವ ಗಾಳಿ ಒಂದು ಸ್ಪ್ರಿಂಗಿನಂತೆ ವರ್ತಿಸುತ್ತವೆ. ಎರಡೂ ಸೇರಿ ತಮ್ಮದೇ ಆದ ಒಂದು ಆವೃತ್ತಿಯಲ್ಲಿ ತೂಗಾಡುತ್ತವೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲಿ ಇದರ ಲೆಕ್ಕವನ್ನು ಕೊಟ್ಟನು. ಆ ಪ್ರಕಾರ ನಮ್ಮ ಗಡಿಗೆಯ ಆವೃತ್ತಿ ಸುಮಾರು 130 ಹರ್ಟ್ಸ್. ಇದು ಗಂಡಸಿನ ದನಿಗೆ ಸುಲಭವಾಗಿ ಎಟಕುತ್ತದೆ. ಮಕ್ಕಳ ದನಿಗೆ ಚಿಕ್ಕ ಗಡಿಗೆ ಬೇಕು; ಹೊಟ್ಟೆ ಚಿಕ್ಕದಾದಷ್ಟೂ ಸ್ವರ ಮೇಲೇರುತ್ತದೆ.

ಈ ಗಡಿಗೆಯನ್ನು ನೆನಪಿನಲ್ಲಿಟ್ಟುಕೊಳ್ಳಿ. ಈ ಲೇಖನದಲ್ಲಿ ಅದು ಇನ್ನೆರಡು ರೂಪಗಳಲ್ಲಿ ಬರುತ್ತದೆ: ಒಮ್ಮೆ ಮರದ ವಾದ್ಯವಾಗಿ, ಇನ್ನೊಮ್ಮೆ ಧ್ವನಿವರ್ಧಕದ ಪೆಟ್ಟಿಗೆಯಾಗಿ.

ದೊಡ್ಡ ದೇಹ, ಸಣ್ಣ ದನಿ

ಡಬಲ್ ಬಾಸ್ ಪಿಟೀಲಿನ ಬಳಗದ ಅತಿ ದೊಡ್ಡ ವಾದ್ಯ. ಆಳೆತ್ತರದ ಇದನ್ನು ನೆಲದ ಮೇಲೆ ನಿಲ್ಲಿಸಿಕೊಂಡು ಕಮಾನಿನಿಂದ ಅಥವಾ ಬೆರಳಿನಿಂದ ನುಡಿಸುತ್ತಾರೆ. ನಮ್ಮಲ್ಲಿ ಇದು ಅಪರೂಪ. ಆದರೂ ಹಳೆಯ ಹಿಂದಿ ಚಿತ್ರಗೀತೆಗಳಲ್ಲಿ ತಾಳದ ಅಡಿಯಲ್ಲಿ 'ದುಂ ದುಂ' ಎಂದು ನಡೆಯುವ ಇದರ ದನಿಯನ್ನು ನೀವು ಕೇಳಿಯೇ ಇರುತ್ತೀರಿ. ಇದರ ನಾಲ್ಕು ತಂತಿಗಳ ಆವೃತ್ತಿಗಳು ಸುಮಾರು 41, 55, 73 ಮತ್ತು 98 ಹರ್ಟ್ಸ್.

41 ಹರ್ಟ್ಸ್ ಶಬ್ದದ ತರಂಗದೂರ ಎಷ್ಟು? ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಎಂದಿಟ್ಟುಕೊಂಡು ಭಾಗಿಸಿ ನೋಡಿ. 8 ಮೀಟರಿಗೂ ಹೆಚ್ಚು! ಇಷ್ಟು ಉದ್ದದ ಅಲೆಯನ್ನು ಗಾಳಿಗೆ ತಳ್ಳಲು ಡಬಲ್ ಬಾಸಿನ ದೇಹವೂ ಚಿಕ್ಕದೇ. ಅದರ ಒಳಗಿನ ಗಾಳಿ, ನಮ್ಮ ಗಡಿಗೆಯ ಗಾಳಿಯಂತೆಯೇ, ಸುಮಾರು 60 ಹರ್ಟ್ಸ್ ಆಸುಪಾಸಿನಲ್ಲಿ ಅನುರಣಿಸುತ್ತದೆ. ಅದಕ್ಕಿಂತ ಕೆಳಗಿನ ಸ್ವರಗಳ ಮೂಲ ಆವೃತ್ತಿ ಕ್ಷೀಣವಾಗಿಯೇ ಹೊರಬರುತ್ತದೆ.

ಮರದಿಂದಲೇ ಈ ಕೊರತೆಯನ್ನು ತುಂಬಲು ಹೊರಟವರೂ ಉಂಟು. 1850ರ ಸುಮಾರಿಗೆ ಪ್ಯಾರಿಸಿನ ಪಿಟೀಲು ತಯಾರಕ ವಿಯೋಮ್ ಸುಮಾರು ಮೂರೂವರೆ ಮೀಟರ್ ಎತ್ತರದ 'ಆಕ್ಟೋಬಾಸ್' ಮಾಡಿದನು. ತಂತಿಗಳನ್ನು ಕೈಯಿಂದ ಒತ್ತಲಾಗದೆ ಸನ್ನೆಗಳನ್ನೂ ಪೆಡಲುಗಳನ್ನೂ ಜೋಡಿಸಬೇಕಾಯಿತು. ಅದು ಸಂಗೀತಗಾರರ ಕೈಗಿಂತ ವಸ್ತುಸಂಗ್ರಹಾಲಯಕ್ಕೇ ಹೆಚ್ಚು ಒಗ್ಗಿತು.

ನಮ್ಮ ಕಿವಿಯೂ ಈ ವಾದ್ಯಕ್ಕೆ ಅನುಕೂಲವಾಗಿಲ್ಲ. 50 ಹರ್ಟ್ಸ್ ಶಬ್ದವು ಕೇಳಿಸಬೇಕಾದರೆ, 1000 ಹರ್ಟ್ಸ್ ಶಬ್ದಕ್ಕಿಂತ ಸುಮಾರು 40 ಡೆಸಿಬೆಲ್, ಅಂದರೆ 10,000 ಪಟ್ಟು ಹೆಚ್ಚು ತೀವ್ರತೆ ಇರಬೇಕು. ಗುಂಪಿನಲ್ಲಿ ಮೊದಲು ಮುಳುಗಿಹೋಗುವುದು ಮಂದ್ರ ಸ್ವರವೇ.

ವಿದ್ಯುತ್ತಿಲ್ಲದ ರಂಗ

ಬೆಳಗಾವಿ ಸೀಮೆಯ ರಂಗಭೂಮಿಗೆ ಈ ಸತ್ಯ ಅನುಭವದಿಂದ ಗೊತ್ತಿತ್ತು. ಈ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1843ರಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ 'ಶಾಕುಂತಲ'ವನ್ನು ರಂಗಕ್ಕೆ ತಂದು ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದರು. ಅಂದು ಮೈಕು ಇರಲಿಲ್ಲ. ಕೊನೆಯ ಸಾಲಿನ ಪ್ರೇಕ್ಷಕನಿಗೂ ಪದ ಮುಟ್ಟಬೇಕಾದರೆ ನಟ ಏರುದನಿಯಲ್ಲೇ ಹಾಡಬೇಕಿತ್ತು. ಕಿವಿ ಚುರುಕಾಗಿರುವ ಆವೃತ್ತಿಗಳಿಗೆ ದನಿಯನ್ನು ಏರಿಸುವುದು ಅಂದಿನ ವರ್ಧಕ ತಂತ್ರ!

1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಅಲ್ಲಿ ಹಾಡಿದವರಲ್ಲಿ 11 ವರ್ಷದ ಒಬ್ಬ ಬಾಲಕಿಯೂ ಇದ್ದಳು. ಆಕೆಯೇ ಗಂಗೂಬಾಯಿ ಹಾನಗಲ್. ಗಂಡುದನಿಯಂತೆ ಗಂಭೀರವಾದ, ಮಂದ್ರದಲ್ಲಿ ತುಂಬಿ ಬರುವ ದನಿಗೆ ಅವರು ಹೆಸರಾದದ್ದು ಮುಂದಿನ ಮಾತು. ಅಂಥ ದನಿಯನ್ನು ಸಾವಿರಾರು ಜನಕ್ಕೆ ಅದರ ಗುಣ ಕೆಡದಂತೆ ಮುಟ್ಟಿಸಬಲ್ಲ ಸಾಧನ ಅಷ್ಟರಲ್ಲಿ ಪ್ರಯೋಗಾಲಯದಲ್ಲಿ ರೂಪುಗೊಳ್ಳುತ್ತಿತ್ತು.

ಸುರುಳಿ, ಶಂಕು ಮತ್ತು ಗಡಿಗೆ

ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ಮೂರು ವಿದ್ಯುದಗ್ರಗಳ ನಿರ್ವಾತ ನಳಿಕೆ ಮಾಡಿದನು. ದುರ್ಬಲ ವಿದ್ಯುತ್ ಸಂಕೇತವನ್ನು ಬಲಗೊಳಿಸಲು ಅದರಿಂದ ದಾರಿಯಾಯಿತು. ಆದರೆ ಆ ಸಂಕೇತವನ್ನು ಶಬ್ದವಾಗಿಸಬೇಕಲ್ಲ? ಆಗಿನ ಕಹಳೆಯಾಕಾರದ ಧ್ವನಿವರ್ಧಕಗಳಿಂದ ಮಂದ್ರ ಸ್ವರ ಸರಿಯಾಗಿ ಹೊರಡುತ್ತಿರಲಿಲ್ಲ. 1925ರಲ್ಲಿ, ಅಂದರೆ ಬೆಳಗಾವಿ ಅಧಿವೇಶನದ ಮರುವರ್ಷವೇ, ರೈಸ್ ಮತ್ತು ಕೆಲ್ಲಾಗ್ ಎಂಬ ಎಂಜಿನಿಯರುಗಳು ಚಲಿಸುವ ಸುರುಳಿ ಮತ್ತು ಕಾಗದದ ಶಂಕು ಇರುವ ಧ್ವನಿವರ್ಧಕದ ವಿವರಗಳನ್ನು ಪ್ರಕಟಿಸಿದರು. ಇಂದಿಗೂ ನಮ್ಮ ರೇಡಿಯೋಗಳಲ್ಲಿ, ಮೈಕ್ ಸೆಟ್ಟುಗಳಲ್ಲಿ ಇರುವುದು ಬಹುಮಟ್ಟಿಗೆ ಅದೇ ರಚನೆ.

ಇಲ್ಲೊಂದು ತೊಡಕಿದೆ. ಶಂಕು ಮುಂದಕ್ಕೆ ತಳ್ಳಿದಾಗ ಎದುರಿನ ಗಾಳಿ ಒತ್ತಲ್ಪಡುತ್ತದೆ, ಹಿಂದಿನ ಗಾಳಿ ಸಡಿಲವಾಗುತ್ತದೆ. ದೀರ್ಘ ಅಲೆಗಳಲ್ಲಿ ಇವೆರಡೂ ಅಂಚಿನಿಂದ ಸುತ್ತಿ ಬಂದು ಒಂದನ್ನೊಂದು ಅಳಿಸಿಬಿಡುತ್ತವೆ. ಹಳೆಯ ರೇಡಿಯೋದಿಂದ ಬಿಚ್ಚಿದ ಸ್ಪೀಕರನ್ನು ಬರಿದಾಗಿ ನುಡಿಸಿ, ಆಮೇಲೆ ರಟ್ಟಿನ ಪೆಟ್ಟಿಗೆಯ ತೂತಿಗೆ ಕೂರಿಸಿ ನುಡಿಸಿ. ಕಾಣೆಯಾಗಿದ್ದ ಮಂದ್ರ ಸ್ವರ ಮರಳಿ ಬರುತ್ತದೆ. ಪೆಟ್ಟಿಗೆ ಕೇವಲ ಅಲಂಕಾರವಲ್ಲ!

1930ರಲ್ಲಿ ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥುರಾಸ್ ಇನ್ನೊಂದು ಹೆಜ್ಜೆ ಇಟ್ಟನು. ಪೆಟ್ಟಿಗೆಗೆ ಒಂದು ಕಿಂಡಿ ಬಿಟ್ಟು, ಹಿಂದಿನ ಅಲೆಯನ್ನು ಸರಿಯಾದ ಹೊತ್ತಿಗೆ ಮುಂದಕ್ಕೆ ಕಳುಹಿಸುವ ಉಪಾಯಕ್ಕೆ ಪೇಟೆಂಟ್ ಕೋರಿದನು. ಕಿಂಡಿಯೇ ಕತ್ತು, ಪೆಟ್ಟಿಗೆಯೇ ಹೊಟ್ಟೆ. ಖಾನಾಪುರದ ಗಡಿಗೆಯ ಲೆಕ್ಕವೇ ಇಲ್ಲಿಯೂ! ಯಾವ ಶಂಕುವಿಗೆ ಎಷ್ಟು ದೊಡ್ಡ ಪೆಟ್ಟಿಗೆ, ಎಷ್ಟು ಕಿಂಡಿ ಎಂಬುದನ್ನು ಸೂತ್ರಕ್ಕೆ ತಂದ ಕೀರ್ತಿ ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್ ಅವರದು. ಥೀಲ್ ಅವರ ಪ್ರಬಂಧ 1961ರದು, ಸ್ಮಾಲ್ ಅವರ ಪ್ರಬಂಧಗಳು 1970ರ ದಶಕದವು.

ಡಬಲ್ ಬಾಸಿಗಾಗಿಯೇ ವರ್ಧಕ ಹುಟ್ಟಿದ್ದು ಎರಡನೆಯ ಮಹಾಯುದ್ಧದ ಅನಂತರ. ಅಮೆರಿಕದ ಎವರೆಟ್ ಹಲ್ ಸ್ವತಃ ಡಬಲ್ ಬಾಸ್ ವಾದಕ. ವಾದ್ಯವನ್ನು ನೆಲಕ್ಕೆ ಊರುವ ಗೂಟದೊಳಗೆ ಮೈಕ್ರೊಫೋನ್ ಕೂರಿಸಿ, ಅದಕ್ಕೆ ಹೊಂದುವ ವರ್ಧಕವನ್ನು 1946ರ ಸುಮಾರಿಗೆ ರೂಪಿಸಿದನು. 'ವರ್ಧಿಸಿದ ಗೂಟ' ಎಂಬ ಅರ್ಥದ ಇಂಗ್ಲಿಷ್ ಪದಗಳನ್ನು ಕೂಡಿಸಿ ಅವನ ಕಂಪನಿಗೆ 'ಆಂಪೆಗ್' ಎಂಬ ಹೆಸರಾಯಿತು. 1951ರಲ್ಲಿ ಲಿಯೋ ಫೆಂಡರ್ ಗಟ್ಟಿ ಮರದ ವಿದ್ಯುತ್ ಬಾಸ್ ಗಿಟಾರನ್ನು ಮಾರುಕಟ್ಟೆಗೆ ತಂದನು. ಅದನ್ನು ಹೊರುವುದು ಸುಲಭ, ಪೊಳ್ಳು ದೇಹವಿಲ್ಲದ್ದರಿಂದ ಮೈಕಿನ ಕಿರಿಚಾಟವೂ ಕಡಿಮೆ. ಕುಣಿತದ ವೇದಿಕೆಗಳಿಂದ ಡಬಲ್ ಬಾಸ್ ಹಿಂದೆ ಸರಿಯತೊಡಗಿತು. ಉಳಿಯಬೇಕಾದರೆ ಅದಕ್ಕೆ ತನ್ನದೇ ದನಿಯನ್ನು ಕೆಡಿಸದೆ ಎತ್ತಿಕೊಡುವ ಪೆಟ್ಟಿಗೆ ಬೇಕಾಗಿತ್ತು. 1960ರಲ್ಲಿ ಆಂಪೆಗ್ ತಂದ 'ಪೋರ್ಟಾಫ್ಲೆಕ್ಸ್ ಬಿ-15' ಇಂಥ ಪೆಟ್ಟಿಗೆ: 15 ಅಂಗುಲದ ಒಂದೇ ಸ್ಪೀಕರು, ಕೇವಲ 25 ವಾಟ್. ಸಾಗಿಸುವಾಗ ವರ್ಧಕವನ್ನು ಮಗುಚಿ ಪೆಟ್ಟಿಗೆಯೊಳಕ್ಕೆ ಇಳಿಸಬಹುದಿತ್ತು. ಹೀಗೆ ವರ್ಧಕವೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿರುವ ಸಾಧನಕ್ಕೆ ಇಂದು 'ಕಾಂಬೋ' ಎನ್ನುತ್ತಾರೆ.

ತಂಬೂರಿ ಹೇಳುವ ಗುಟ್ಟು

25 ವಾಟಿನ ಪೆಟ್ಟಿಗೆ ಸಾಕಾದದ್ದು ಹೇಗೆ? ಉತ್ತರಕ್ಕೆ ನಮಗೆ ಹೆಚ್ಚು ಪರಿಚಿತವಾದ ತಂಬೂರಿಯ ಬಳಿಗೆ ಬರೋಣ. ಬೆಳಗಾವಿಯ ಸಂಗೀತ ಸಭೆಗಳಲ್ಲಿ ಕರಿ ಒಂದರ ಶ್ರುತಿಯಲ್ಲಿ ಹಾಡುವ ಗಾಯಕರ ತಂಬೂರಿಯ ಖರಜದ ತಂತಿಯ ಆವೃತ್ತಿ ಸುಮಾರು 69 ಹರ್ಟ್ಸ್. ಡಬಲ್ ಬಾಸಿನ ನೆರೆಯದೇ. ಸರ್ ಸಿ. ವಿ. ರಾಮನ್ ಕೊಲ್ಕತ್ತದಲ್ಲಿದ್ದಾಗ ಎರಡೂ ಬಗೆಯ ವಾದ್ಯಗಳನ್ನು ಅಭ್ಯಸಿಸಿದ್ದರು. ಕಮಾನಿನ ವಾದ್ಯಗಳ ತಂತಿಗಳ ಚಲನೆಯನ್ನು ಕುರಿತ ಅವರ ದೀರ್ಘ ಪ್ರಬಂಧ 1918ರದು. ತಂಬೂರಿ, ವೀಣೆಗಳನ್ನು ಕುರಿತದ್ದು 1921ರದು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಅಲ್ಲಿ ನಿಶ್ಚಲ ಬಿಂದುವಿರುವ ಸಂಗತ ಸ್ವರಗಳು ಹುಟ್ಟಬಾರದು ಎಂಬುದು ಹಳೆಯ ನಿಯಮ. ತಂಬೂರಿಯಲ್ಲಿ ಅವೂ ಕೇಳಿಸುತ್ತವೆ ಎಂದು ರಾಮನ್ ತೋರಿಸಿದರು. ಅಗಲವಾದ ಕುದುರೆ ಮತ್ತು ಜವಾರಿಯ ದಾರ ಇದಕ್ಕೆ ಕಾರಣ.

ಖರಜದ ಗಾಂಭೀರ್ಯ ಬರುವುದು ಮೂಲ ಆವೃತ್ತಿಯೊಂದರಿಂದಲೇ ಅಲ್ಲ, ಅದರ ಮೇಲೆ ಸಾಲುಗಟ್ಟಿ ನಿಲ್ಲುವ ಸಂಗತ ಸ್ವರಗಳಿಂದ. 82, 123, 164 ಹರ್ಟ್ಸ್ ಸ್ವರಗಳು ಒಟ್ಟಿಗೆ ಕೇಳಿದರೆ ಮಿದುಳು ಅವುಗಳ ನಡುವಣ ಅಂತರವನ್ನು ಗುರುತಿಸಿ 41 ಹರ್ಟ್ಸ್ ಸ್ವರವನ್ನೇ ಗ್ರಹಿಸುತ್ತದೆ. ಹಳೆಯ ದೂರವಾಣಿ ತಂತಿಗಳು 300 ಹರ್ಟ್ಸ್‌ಗಿಂತ ಕೆಳಗಿನದನ್ನು ಒಯ್ಯುತ್ತಿರಲಿಲ್ಲ. ಆದರೂ 120 ಹರ್ಟ್ಸ್‌ನ ಅಪ್ಪನ ದನಿ ಅಪ್ಪನ ದನಿಯಾಗಿಯೇ ಕೇಳುತ್ತಿತ್ತಲ್ಲವೆ?

ಡಬಲ್ ಬಾಸ್ ಸಹ ಹೀಗೆಯೇ. ಅದರ ದೇಹವೇ 41 ಹರ್ಟ್ಸನ್ನು ಕ್ಷೀಣವಾಗಿ ಹೊರಡಿಸುತ್ತದೆ. ವಾದ್ಯ ಕೊಡದಿದ್ದನ್ನು ಪೆಟ್ಟಿಗೆ ಕೊಡಬೇಕಾಗಿಲ್ಲ. ವಾದ್ಯ ಕೊಟ್ಟದ್ದನ್ನು ಪ್ರಮಾಣ ತಪ್ಪದಂತೆ ಒಯ್ದರೆ ಸಾಕು. ನಮ್ಮ ಸಭೆಗಳಲ್ಲಿ 'ಬಾಸ್' ಗುಂಡಿಯನ್ನು ಪೂರ್ತಿ ತಿರುಗಿಸಿ ತಂಬೂರಿಯನ್ನು ಡಂಗುರವಾಗಿಸುವವರು ಮರೆಯುವುದು ಇದನ್ನೇ.

ಆರಿಸುವಾಗ

ಹಾಗಾದರೆ ಕಾಂಬೋ ಆರಿಸುವಾಗ ನೀವು ಏನನ್ನು ನೋಡಬೇಕು? ಇತಿಹಾಸ ಕಲಿಸಿದ ನಾಲ್ಕು ಪಾಠಗಳಿವೆ.

ಮೊದಲನೆಯದು ಪ್ರವೇಶದ್ವಾರ. ಇಂದು ವಾದ್ಯದ ಕುದುರೆಗೆ ಪೀಜೋ ಸ್ಫಟಿಕದ ಪಿಕಪ್ ಅಂಟಿಸುವುದು ರೂಢಿ. ಕ್ಯೂರಿ ಸಹೋದರರು 1880ರಲ್ಲಿ ಕಂಡುಕೊಂಡ ಪರಿಣಾಮವೇ ಇದರ ಮೂಲ. ಇದು ಒಂದು ಪುಟ್ಟ ಧಾರಕದಂತೆ. ಅದರ ಧಾರಕತೆ 5 ನ್ಯಾನೋಫ್ಯಾರಡ್ ಎಂದಿಟ್ಟುಕೊಳ್ಳೋಣ. ವರ್ಧಕದ ಪ್ರವೇಶ ರೋಧ 50 ಕಿಲೋಓಮ್ ಇದ್ದರೆ ಸುಮಾರು 640 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಸೋರಿಹೋಗತೊಡಗುತ್ತದೆ. ಅದೇ ರೋಧ 1 ಮೆಗಾಓಮ್ ಆದರೆ ಈ ಗಡಿ 32 ಹರ್ಟ್ಸ್‌ಗೆ ಇಳಿಯುತ್ತದೆ. ವಿದ್ಯಾರ್ಥಿಗಳೇ, ಸೂತ್ರ ನಿಮಗೆ ಗೊತ್ತು. ಲೆಕ್ಕ ಹಾಕಿ ನೋಡಿ. 'ವಾದ್ಯ ತೆಳ್ಳಗೆ ಕೇಳುತ್ತದೆ' ಎಂಬ ದೂರಿಗೆ ಎಷ್ಟೋ ಸಲ ಈ ಹೊಂದಾಣಿಕೆಯ ದೋಷವೇ ಕಾರಣ, ವಾದ್ಯವಲ್ಲ.

ಎರಡನೆಯದು ಫೀಡ್‌ಬ್ಯಾಕ್ ತಡೆ. ಪೆಟ್ಟಿಗೆಯಿಂದ ಹೊರಟ ಶಬ್ದ ವಾದ್ಯದ ಪೊಳ್ಳು ದೇಹವನ್ನು ಮತ್ತೆ ಅಲುಗಿಸುತ್ತದೆ. ಗಡಿಗೆ ನಿಮ್ಮ ದನಿಗೆ ಗುಂಯ್‌ಗುಟ್ಟಿದಂತೆ ಅದು ಒಂದೇ ಸ್ವರದಲ್ಲಿ ಊಳಿಡುತ್ತದೆ. ಆ ಒಂದು ಆವೃತ್ತಿಯನ್ನು ಮಾತ್ರ ತಗ್ಗಿಸುವ ಶೋಧಕ, ಸಂಕೇತವನ್ನು ತಿರುವುಮುರುವು ಮಾಡುವ ಗುಂಡಿ, ತೀರ ಕೆಳಗಿನ ಆವೃತ್ತಿಗಳನ್ನು ಕತ್ತರಿಸುವ ಸೌಲಭ್ಯ, ಇವು ಇರುವ ಪೆಟ್ಟಿಗೆ ಲೇಸು.

ಮೂರನೆಯದು ಗಾತ್ರ. ಚಿಕ್ಕ ಪೆಟ್ಟಿಗೆ, ಹೆಚ್ಚು ದಕ್ಷತೆ, ಆಳದ ಸ್ವರ: ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದು. ಇದನ್ನು ಹಾಫ್‌ಮನ್‌ನ ಕಬ್ಬಿಣದ ನಿಯಮ ಎನ್ನುತ್ತಾರೆ. ಒಂದು ಸಪ್ತಕ ಕೆಳಗಿಳಿದು ಅಷ್ಟೇ ಶಬ್ದ ಬೇಕೆಂದರೆ ಶಂಕು ನಾಲ್ಕು ಪಟ್ಟು ದೂರ ಚಲಿಸಬೇಕು. ಒಂದು ಕೋಣೆಯ ಕಛೇರಿಗೆ 10 ಅಥವಾ 12 ಅಂಗುಲದ ಒಂದು ಒಳ್ಳೆಯ ಸ್ಪೀಕರು ಸಾಕು.

ನಾಲ್ಕನೆಯದು ವಾಟ್. 100ರ ಬದಲು 200 ವಾಟ್ ಕೊಂಡರೆ ದೊರೆಯುವುದು 3 ಡೆಸಿಬೆಲ್ ಮಾತ್ರ. ಶಬ್ದ ಎರಡು ಪಟ್ಟು ಜೋರೆನಿಸಲು ಸುಮಾರು ಹತ್ತು ಪಟ್ಟು ವಾಟ್ ಬೇಕು. ಬೆಲೆಪಟ್ಟಿಯಲ್ಲಿ ದೊಡ್ಡ ಅಕ್ಷರದಲ್ಲಿರುವ ಈ ಅಂಕಿಯನ್ನು ಕೊನೆಗೆ ನೋಡಿ.

ಖಾನಾಪುರದಂಥ ಮಲೆನಾಡಿನಲ್ಲಿ ಇನ್ನೊಂದು ಎಚ್ಚರ ಬೇಕು. ಮಳೆಗಾಲದ ತೇವಕ್ಕೆ ಮರ ಉಬ್ಬುತ್ತದೆ, ತಂತಿಯ ಎತ್ತರ ಬದಲಾಗುತ್ತದೆ, ಕಾಗದದ ಶಂಕುವೂ ತೇವ ಹೀರುತ್ತದೆ. ವಾದ್ಯದಂತೆಯೇ ಪೆಟ್ಟಿಗೆಯನ್ನೂ ಒಣ ಜಾಗದಲ್ಲಿಡಿ. ಬೇಸಗೆಯಲ್ಲಿ ಹೊಂದಿಸಿದ ಗುಂಡಿಗಳನ್ನು ಆಷಾಢದಲ್ಲಿ ಮತ್ತೊಮ್ಮೆ ಕಿವಿಗೊಟ್ಟು ಹೊಂದಿಸಿ.

ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಿ. ಒಬ್ಬರು ವರ್ಧಕವಿಲ್ಲದೆ ವಾದ್ಯ ನುಡಿಸಲಿ. ನೀವು ಕೋಣೆಯ ಕೊನೆಯಲ್ಲಿ ಕಣ್ಣು ಮುಚ್ಚಿ ಕುಳಿತುಕೊಳ್ಳಿ. ನುಡಿಸುತ್ತಿರುವಂತೆಯೇ ಇನ್ನೊಬ್ಬರು ವರ್ಧಕವನ್ನು ಮೆಲ್ಲಗೆ ಏರಿಸಲಿ. ಪೆಟ್ಟಿಗೆ ಯಾವಾಗ ಸೇರಿಕೊಂಡಿತು ಎಂಬುದು ನಿಮಗೆ ತಿಳಿಯದೆ, ವಾದ್ಯವೇ ಹತ್ತಿರ ಬಂದಂತೆ ಅನಿಸಿದರೆ ಆ ಪೆಟ್ಟಿಗೆಯನ್ನು ಕೊಳ್ಳಿ. ತಂಬೂರಿಗೂ ಇದೇ ಪರೀಕ್ಷೆ ಸಲ್ಲುತ್ತದೆ. ನಿಮ್ಮ ಶಾಲೆಯ ಸಂಗೀತ ಶಿಕ್ಷಕರನ್ನೂ ವಿಜ್ಞಾನ ಶಿಕ್ಷಕರನ್ನೂ ಒಟ್ಟಿಗೆ ಕೂರಿಸಿ ಇದನ್ನು ಮಾಡಿ. ಪಕ್ಕದಲ್ಲಿ ಆ ಗಡಿಗೆಯೂ ಇರಲಿ.