ಸಿರುಮುಗೈಯ ಮಗ್ಗ, ಪ್ರೆಸ್ಟನ್ನಿನ ಗಿರಣಿ

ಗಡಿನಾಡಿನವರಾದ ನಮಗೆ 1956ರ ನವೆಂಬರ್ 1 ಎಂದರೆ ಕಾಸರಗೋಡು ಕೇರಳದ ಪಾಲಾದ ದಿನ. ಅದೇ ದಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಮೈಸೂರು ರಾಜ್ಯಕ್ಕೆ ಸೇರಿತೆಂಬುದು ನಮ್ಮಲ್ಲಿ ಅನೇಕರ ನೆನಪಿನಲ್ಲಿಲ್ಲ. ಆ ಜಿಲ್ಲೆಯ ಉಳಿದ ಕನ್ನಡಿಗರು ಇದ್ದಲ್ಲಿಯೇ ಉಳಿದರು. ದೇವಾಂಗ ನೇಕಾರರು ಅವರಲ್ಲಿ ಒಂದು ದೊಡ್ಡ ಸಮುದಾಯ. ಮೆಟ್ಟುಪಾಳ್ಯಂ ಬಳಿ, ಭವಾನಿ ನದಿಯ ದಡದ ಸಿರುಮುಗೈ ಅಂಥವರು ನೆಲೆಸಿರುವ ಊರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಕುಲದೇವತೆ ಚೌಡೇಶ್ವರಿ, ಕಸುಬು ರೇಷ್ಮೆ ಸೀರೆ.

ವಿಜಯನಗರದ ಕಾಲದಲ್ಲಿ ದಕ್ಷಿಣಕ್ಕೆ ಬಂದವರು ನಾವು ಎಂದು ಇವರ ಹಿರಿಯರು ಹೇಳುವುದುಂಟು. ಬರುವಾಗ ತಂದದ್ದು ಮುಖ್ಯವಾಗಿ ಎರಡು: ಕೈಯ ಕಸುಬು ಮತ್ತು ಬಾಯ ಮಾತು. ಮಗ್ಗವು ಮನೆಯೊಳಗೇ ಇದ್ದುದರಿಂದ ಒಂದನ್ನು ಇನ್ನೊಂದು ಕಾಪಾಡಿತು. ಅಪ್ಪ ಕುಣಿಮಗ್ಗದಲ್ಲಿ ಕುಳಿತು ಲಾಳಿ ಹಾಯಿಸುವಾಗ ಅಮ್ಮ ಕಂಡಿಕೆ ಸುತ್ತುತ್ತಾಳೆ. ಮಕ್ಕಳು ನೋಡಿ ಕಲಿಯುತ್ತಾರೆ. ಕಸುಬಿನ ಪಾಠವೇ ಭಾಷೆಯ ಪಾಠವೂ ಆಗುತ್ತದೆ.

1960ರ ದಶಕದಲ್ಲಿ ಈ ಊರಿಗೆ ಇನ್ನೊಂದು ಬಗೆಯ ನೂಲು ಬಂತು. ಇಟಲಿಯ ಸಹಯೋಗದಿಂದ ಹುಟ್ಟಿದ ಸೌತ್ ಇಂಡಿಯಾ ವಿಸ್ಕೋಸ್ ಕಾರ್ಖಾನೆ ಇಲ್ಲಿ ರೇಯಾನ್ ತಯಾರಿಸತೊಡಗಿತು. ಬೆಟ್ಟದ ಮೇಲಿನ ನೀಲಗಿರಿ ಮರ ಕೆಳಗಿಳಿದು ತಿರುಳಾಗುತ್ತಿತ್ತು. ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಪುಡಿಮಾಡಿ, ಕಾರ್ಬನ್ ಡೈಸಲ್ಫೈಡ್ ಬೆರೆಸಿದರೆ ಕಿತ್ತಳೆ ಬಣ್ಣದ ವಸ್ತುವಾಗುತ್ತದೆ. ಅದನ್ನು ಕರಗಿಸಿ, ಸಣ್ಣ ರಂಧ್ರಗಳ ಮೂಲಕ ಗಂಧಕಾಮ್ಲದೊಳಗೆ ಹಾಯಿಸಿದರೆ ಎಳೆ ಸಿದ್ಧ. ರೇಷ್ಮೆಹುಳುವಿನ ಕೆಲಸವನ್ನು ಯಂತ್ರ ಮಾಡುತ್ತದೆ.

ಮಗ್ಗದ ಕೂಲಿ ಸೀರೆ ಮುಗಿದ ಮೇಲೆ. ಕಾರ್ಖಾನೆಯ ಸಂಬಳ ತಿಂಗಳು ಮುಗಿದರೆ ಸರಿ. ಬ್ಯಾಂಕಿನ ಮೇಜಿನ ಹಿಂದೆ ಕುಳಿತವನಾದ್ದರಿಂದ ಈ ವ್ಯತ್ಯಾಸದ ಬೆಲೆ ನನಗೆ ಗೊತ್ತು. ಸಂಬಳದ ಚೀಟಿ ತಂದವನಿಗೆ ಸಾಲ ಸಿಗುವಷ್ಟು ಸುಲಭವಾಗಿ ಮಗ್ಗ ಇರುವವನಿಗೆ ಸಿಗುವುದಿಲ್ಲ. ಹಳ್ಳಿಯ ಹುಡುಗನಿಗೆ ಪಾಳಿಯ ಕೆಲಸ ದೊಡ್ಡದಾಗಿ ಕಂಡರೆ ಅದರಲ್ಲಿ ತಪ್ಪೇನಿಲ್ಲ.

ಈ ವಿಧಾನ ಕಂಡುಹಿಡಿದದ್ದು 1892ರಲ್ಲಿ, ಇಂಗ್ಲೆಂಡಿನಲ್ಲಿ. ಅದನ್ನು ದೊಡ್ಡ ಉದ್ಯಮವಾಗಿಸಿದ ಕೋರ್ಟಾಲ್ಡ್ಸ್ ಕಂಪೆನಿಗೆ ಪ್ರೆಸ್ಟನ್ ಪಟ್ಟಣದಲ್ಲಿ ರೆಡ್ ಸ್ಕಾರ್ ಎಂಬ ಗಿರಣಿ ಇತ್ತು. 1948ರ ಜೂನ್ 22ರಂದು ‘ಎಂಪೈರ್ ವಿಂಡ್‌ರಶ್’ ಹಡಗಿನಿಂದ ವೆಸ್ಟ್ ಇಂಡೀಸಿನವರು ಟಿಲ್ಬರಿಯಲ್ಲಿ ಇಳಿದ ಕಥೆ ಪ್ರಸಿದ್ಧ. ಅವರ ಬೆನ್ನಿಗೇ ಬಂದ ಸಾವಿರಾರು ಮಂದಿ, ಜೊತೆಗೆ ನಮ್ಮ ಉಪಖಂಡದವರು, ಇಂಗ್ಲೆಂಡಿನ ಕಾರ್ಖಾನೆಗಳನ್ನು ಸೇರಿದರು. ಊರಲ್ಲಿ ಬಡಗಿಯೋ ದರ್ಜಿಯೋ ಆಗಿದ್ದವನಿಗೂ ಅಲ್ಲಿ ಸಿಗುತ್ತಿದ್ದುದು ಹೆಚ್ಚಾಗಿ ಸ್ಥಳೀಯರು ಒಲ್ಲದ ಪಾಳಿ, ಒಲ್ಲದ ಕೆಲಸ. ರೆಡ್ ಸ್ಕಾರ್‌ನಲ್ಲೂ ಏಷ್ಯಾದವರು, ಕೆಲವು ಕೆರಿಬಿಯನ್ನರು ಒಂದೇ ವಿಭಾಗದಲ್ಲಿ ಗುಂಪಾಗಿದ್ದರು.

1965ರ ಮೇ ತಿಂಗಳಲ್ಲಿ ಅವರು ಮುಷ್ಕರ ಹೂಡಿದರು. ಕಾರಣ ಸರಳ: ಒಬ್ಬ ಆಳು ಒಂದರ ಬದಲು ಒಂದೂವರೆ ಯಂತ್ರ ನೋಡಿಕೊಳ್ಳಬೇಕು, ಕೂಲಿ ಮಾತ್ರ ಆ ಲೆಕ್ಕದಲ್ಲಿ ಏರುವುದಿಲ್ಲ. ಬಿಳಿಯರೇ ನಡೆಸುತ್ತಿದ್ದ ಕಾರ್ಮಿಕ ಸಂಘ ಇದಕ್ಕೆ ಒಪ್ಪಿತ್ತು. ಮುಷ್ಕರಕ್ಕೆ ಬೆಂಬಲ ಕೊಡಲಿಲ್ಲ. ಕೆಲವು ವಾರಗಳಲ್ಲಿ ಮುಷ್ಕರ ಸೋತಿತು. ಆದರೆ ಬ್ರಿಟನ್ನಿನ ವಲಸೆ ಕಾರ್ಮಿಕರ ಮೊದಲ ಮುಖ್ಯ ಹೋರಾಟಗಳಲ್ಲೊಂದು ಎಂದು ಚರಿತ್ರೆಯಲ್ಲಿ ಅದು ಉಳಿದಿದೆ. ರೇಯಾನ್ ಕೆಲಸಗಾರರಲ್ಲಿ ಹೃದ್ರೋಗದ ಸಾವು ಹೆಚ್ಚೆಂದು ಬ್ರಿಟನ್ನಿನ ಸಂಶೋಧಕರು 1968ರಲ್ಲಿ ತೋರಿಸಿದರು. ಯಂತ್ರದೆದುರು ನಿಂತವನು ಉಸಿರಾಡಿದ ಆ ಕಾರ್ಬನ್ ಡೈಸಲ್ಫೈಡ್‌ಗೆ ಪ್ರೆಸ್ಟನ್, ಸಿರುಮುಗೈ ಎಂಬ ಭೇದವಿಲ್ಲ.

ಸಿರುಮುಗೈಯಲ್ಲಿ ದನಿಯೆತ್ತಿದ್ದು ನದಿಯ ಕಡೆಯವರು. ಕಾರ್ಖಾನೆಯ ಕೊಳೆನೀರು ಭವಾನಿಗೆ, ಅಲ್ಲಿಂದ ಭವಾನಿಸಾಗರ ಜಲಾಶಯಕ್ಕೆ ಸೇರುತ್ತದೆಂದು ರೈತರೂ ಮೀನುಗಾರರೂ ದೂರಿದರು. ಹೊಸ ಶತಮಾನದ ಆರಂಭದ ಹೊತ್ತಿಗೆ ಕಾರ್ಖಾನೆ ಮುಚ್ಚಿತು. ನದಿಗೆ ಒಳಿತಾಯಿತು, ಅದನ್ನೇ ನಂಬಿ ಬದುಕು ಕಟ್ಟಿಕೊಂಡಿದ್ದ ಕುಟುಂಬಗಳಿಗೆ ಮಾತ್ರ ತಿಂಗಳ ಸಂಬಳ ನಿಂತಿತು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮರೆಯುವುದು ನ್ಯಾಯವಲ್ಲ.

ದೊಡ್ಡ ಕಾರ್ಖಾನೆ ಹೋಯಿತು, ಮಗ್ಗ ಉಳಿಯಿತು. ಸಿರುಮುಗೈಯ ರೇಷ್ಮೆ ಸೀರೆಗೆ ಇಂದಿಗೂ ಹೆಸರಿದೆ. ಆದರೆ ಮಕ್ಕಳು ಓದಿ ಬೇರೆ ಉದ್ಯೋಗ ಹಿಡಿದಾಗ ಮಗ್ಗದ ಜೊತೆಗಿದ್ದ ಮಾತಿಗೆ ಆಸರೆ ಯಾವುದು? ಮನೆಮಾತು ಕನ್ನಡವಾದರೂ ಶಾಲೆಯ ಲಿಪಿ ತಮಿಳು. ಅಜ್ಜನ ಕಸುಬಿನ ಕಥೆಯನ್ನು ಕನ್ನಡದಲ್ಲಿ ಬರೆದಿಡುವವರು ಯಾರು?

ಬ್ರಿಟನ್ನಿನಲ್ಲಿ ಕೆರಿಬಿಯನ್ ಹಿರಿಯರ ದುಡಿಮೆಯ ನೆನಪುಗಳನ್ನು ಧ್ವನಿಮುದ್ರಿಸಿ ಸಂಗ್ರಹಾಲಯಗಳಲ್ಲಿ ಇಟ್ಟಿದ್ದಾರೆ. ಅದಕ್ಕೆ ದೊಡ್ಡ ವಿದ್ವತ್ತು ಬೇಕಿಲ್ಲ. ನಮ್ಮ ಮನೆಗಳಲ್ಲೂ ಬೀಡಿ ಕಟ್ಟಿದವರು, ಹಂಚಿನ ಕಾರ್ಖಾನೆಯಲ್ಲಿ ದುಡಿದವರು, ಮುಂಬಯಿಯ ಹೋಟೆಲುಗಳಲ್ಲಿ ಲೋಟ ತೊಳೆದವರು ಇದ್ದಾರೆ. ಎಷ್ಟು ಗಂಟೆ ದುಡಿದಿರಿ, ಎಷ್ಟು ಕೂಲಿ ಸಿಕ್ಕಿತು, ಉಪಕರಣಗಳಿಗೆ ಏನೆಂದು ಕರೆಯುತ್ತಿದ್ದಿರಿ ಎಂದು ಕೇಳಿ ಒಂದು ನೋಟುಪುಸ್ತಕದಲ್ಲಿ ಬರೆದಿಡೋಣ. ಗಡಿ ಗೆರೆಗಳನ್ನು ಎಳೆದವರ ಕಡತಗಳಲ್ಲಿ ಅವರ ಹೆಸರಿಲ್ಲ. ನಮ್ಮ ಪುಸ್ತಕದಲ್ಲಾದರೂ ಇರಲಿ.