ರಾಟೆಯ ನಂಟು

ಕನ್ನಡದಲ್ಲಿ ‘ನೂಲು’ ಎಂಬ ಮಾತಿಗೆ ಒಂದು ಸೊಗಸುಂಟು. ಅದು ವಸ್ತುವಿನ ಹೆಸರೂ ಹೌದು, ಕೆಲಸವನ್ನು ಹೇಳುವ ಧಾತುವೂ ಹೌದು. ಹನ್ನೆರಡನೆಯ ಶತಮಾನದ ಶರಣೆ ಕದಿರ ರೆಮ್ಮವ್ವೆಗೆ ನೂಲುವುದೇ ಕಾಯಕ. ಕದಿರು ಆಕೆಯ ಹೆಸರಿಗೇ ಅಂಟಿಕೊಂಡಿತು. ತಾನು ತಿರುವುವ ರಾಟೆಯ ಅಂಗಾಂಗಗಳಲ್ಲಿ ಆಕೆ ದೈವವನ್ನು ಕಂಡು ವಚನ ಕಟ್ಟಿದಳು. ಹೊಟ್ಟೆಪಾಡಿನ ಕೆಲಸವೂ ಒಲವಿನ ಕೆಲಸವಾಗಬಲ್ಲದೆಂಬುದಕ್ಕೆ ಇದು ಸಾಕ್ಷಿ.

ಇಂಥ ಒಲವನ್ನು ನಿಯಮದಿಂದ ಹುಟ್ಟಿಸಬಹುದೇ? 1924ರಲ್ಲಿ ನಮ್ಮ ಬೆಳಗಾವಿಯಲ್ಲಿ ಈ ಪ್ರಶ್ನೆ ದೇಶದ ಮುಂದೆ ಬಂದು ನಿಂತಿತು. ಅದಕ್ಕೆ ಮೊದಲು, ಅಲ್ಲಿಯ ಅಧ್ಯಕ್ಷರೇ ರಾಟೆಗೆ ಒಲಿದ ಬಗೆಯನ್ನು ನೋಡೋಣ.

1909ರಲ್ಲಿ ‘ಹಿಂದ್ ಸ್ವರಾಜ್’ ಬರೆದಾಗ ಗಾಂಧೀಜಿಗೆ ಕೈಮಗ್ಗವನ್ನಾಗಲಿ ರಾಟೆಯನ್ನಾಗಲಿ ಕಂಡ ನೆನಪಿರಲಿಲ್ಲ. ಇದು ಆತ್ಮಕಥೆಯಲ್ಲಿ ಅವರೇ ಹೇಳಿರುವ ಮಾತು. ಮುಂದೆ ಆಶ್ರಮದಲ್ಲಿ ಮಗ್ಗಗಳೇನೋ ಬಂದವು. ಅವಕ್ಕೆ ಗಿರಣಿಯ ನೂಲೇ ಗತಿಯಾಯಿತು. 1917ರಲ್ಲಿ ಪರಿಚಯವಾದ ಗಂಗಾಬೆಹೆನ್ ಮಜುಮ್‌ದಾರ್ ಎಂಬಾಕೆ ಊರೂರು ಅಲೆದು, ಬರೋಡಾ ಸಂಸ್ಥಾನದ ವಿಜಾಪುರದಲ್ಲಿ ರಾಟೆಗಳನ್ನು ಪತ್ತೆಹಚ್ಚಿದರು. ಅವು ಬೇಡದ ಸಾಮಾನಾಗಿ ಅಟ್ಟ ಸೇರಿದ್ದವು. ಹಂಜಿ ಒದಗಿಸಿ, ನೂಲನ್ನು ಕೊಂಡರೆ ಮತ್ತೆ ನೂಲುತ್ತೇವೆಂದು ಮನೆಯವರು ಒಪ್ಪಿದರು. ಮುಂದೆ ಮುಂಬಯಿಯ ಮಣಿಭವನದಲ್ಲಿ ಗಾಂಧೀಜಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದಾಗ ಅವರ ಕೋಣೆಯಲ್ಲಿಯೂ ರಾಟೆ ತಿರುಗಿತು. ತಾವು ಗುಣವಾದುದರಲ್ಲಿ ಆ ಗುಂಯ್‌ಗುಟ್ಟುವ ದನಿಯ ಪಾಲು ಕಡಿಮೆಯದಲ್ಲವೆಂದು ಅವರು ನೆನೆದಿದ್ದಾರೆ. ಆಗ ಅವರಿಗೆ ಐವತ್ತರ ಆಸುಪಾಸು. ಹೊಸ ನಂಟಿಗೆ ವಯಸ್ಸಿನ ಅಡ್ಡಿಯಿಲ್ಲ ನೋಡಿ!

ಇನ್ನು ಬೆಳಗಾವಿ. ಗಾಂಧೀಜಿ ಅಧ್ಯಕ್ಷರಾದ ಏಕೈಕ ಕಾಂಗ್ರೆಸ್ ಅಧಿವೇಶನ 1924ರ ಡಿಸೆಂಬರಿನಲ್ಲಿ ಅಲ್ಲಿ ನೆರೆಯಿತು. ಸದಸ್ಯತ್ವದ ನಾಲ್ಕಾಣೆ ಹೋಗಿ ನೂಲೇ ಚಂದಾ ಆಯಿತು: ತಿಂಗಳಿಗೆ 2,000 ಗಜ, ವರ್ಷಕ್ಕೆ 24,000 ಗಜ. ತಾನು ನೂಲಲಾರದವನು, ನೂಲಲೊಲ್ಲದವನು ಬೇರೆಯವರು ನೂತದ್ದನ್ನು ಕೊಡಬಹುದಿತ್ತು.

ಆದರೆ ನೂಲುವುದು ಹಣ ಎಣಿಸಿದಂತಲ್ಲ. ಬಲಗೈ ರಾಟೆಯನ್ನು ತಿರುವುತ್ತಿರಬೇಕು; ಹಂಜಿ ಹಿಡಿದ ಎಡಗೈ ಹದವಾಗಿ ಹಿಂದಕ್ಕೆ ಸರಿಯಬೇಕು. ಹುರಿ ಸಾಲದಿದ್ದರೆ ಎಳೆ ಬಿಚ್ಚಿಹೋಗುತ್ತದೆ. ಮಿತಿಮೀರಿದರೆ ಮುರುಟಿ ಹರಿಯುತ್ತದೆ. ಎರಡು ಕೈಗಳ ಈ ಹೊಂದಿಕೆ ದಿನದಿನದ ರೂಢಿಯಿಂದ ಬರತಕ್ಕದ್ದು. ಬೇಸರದ ಕೈಗೆ ಅದು ಒಲಿಯದು. ನಿಯಮವೇನೋ ಇತ್ತು, ಮನಸ್ಸು ಬರಲಿಲ್ಲ. ವರ್ಷ ತುಂಬುವ ಮೊದಲೇ, 1925ರ ಸೆಪ್ಟೆಂಬರಿನಲ್ಲಿ, ಪಾಟ್ನಾದ ಸಭೆ ನಾಲ್ಕಾಣೆಗೂ ಮತ್ತೆ ಬಾಗಿಲು ತೆರೆಯಿತು. ಆದರೆ ಅದೇ ಪಾಟ್ನಾದಲ್ಲಿ ಅಖಿಲ ಭಾರತ ಚರಕಾ ಸಂಘವೂ ಹುಟ್ಟಿತೆಂಬುದನ್ನು ಮರೆಯಬಾರದು. ನೂಲನ್ನು ಮೆಚ್ಚಿದವರು ಅಲ್ಲಿ ಸೇರಿದರು, ಕೆಲಸ ಮುಂದುವರಿಯಿತು.

ಆ ನಿಯಮ ಸೋತಿತೆಂದು ರಾಟೆ ಸೋಲಲಿಲ್ಲ. ಗಾಂಧೀಜಿ ತಾವು ನೂಲುವುದನ್ನು ಬಿಡಲೂ ಇಲ್ಲ. ಸೆರೆಮನೆಯಲ್ಲಿಯೂ ನೂತರು, ಪ್ರವಾಸದಲ್ಲಿಯೂ ನೂತರು. ಬಲವಂತಕ್ಕೆ ಬಗ್ಗದ ಕೈ ಒಲವಿಗೆ ಬಗ್ಗುತ್ತದೆ.

ಇಂದು ನಿಮ್ಮಿಂದ ಯಾರೂ ನೂಲಿನ ಚಂದಾ ಕೇಳುವುದಿಲ್ಲ. ಅದೇ ಒಳ್ಳೆಯದಾಯಿತು. ಮನಸ್ಸಾದರೆ ಒಂದು ತಕಲಿ, ನಾಲ್ಕು ಹಂಜಿ ತಂದಿಟ್ಟುಕೊಳ್ಳಿ. ಕಿವಿ ರೇಡಿಯೋ ಕೇಳುತ್ತಿರಲಿ, ಬೆರಳು ಎಳೆ ತೆಗೆಯುತ್ತಿರಲಿ. ಮೊದಮೊದಲು ಹರಿಯುತ್ತದೆ, ಹರಿದ ತುದಿಗೆ ಹಂಜಿ ಸೇರಿಸಿ ಮತ್ತೆ ತಿರುವಿದರಾಯಿತು.