ಹಳಿಯ ದೋಷ ಮತ್ತು ಒಡೆಯನ ಹೊಣೆ

ಒಂದೇ ರೈಲು ಅಪಘಾತದಲ್ಲಿ ಪ್ರಯಾಣಿಕನೂ ರೈಲ್ವೆಯ ನೌಕರನೂ ಮಡಿದರೆ, ಇಬ್ಬರ ವಿಧವೆಯರಿಗೂ ಪರಿಹಾರ ದೊರೆಯಬೇಕೆಂಬುದು ನಮಗೆ ಸಹಜವಾಗಿ ತೋರುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುವಿನ ಇಂಗ್ಲೆಂಡಿನಲ್ಲಿ ಹಾಗಿರಲಿಲ್ಲ. ಅನ್ಯರ ತಪ್ಪಿನಿಂದ ಸತ್ತವನ ಕುಟುಂಬಕ್ಕೆ ದಾವೆಯ ಹಕ್ಕನ್ನು 1846ರ ಮಾರಕ ಅಪಘಾತಗಳ ಕಾಯಿದೆಯು ಕೊಟ್ಟಿತು; ಆದರೆ ಸತ್ತವನು ಬದುಕಿದ್ದಲ್ಲಿ ತಾನೇ ದಾವೆ ಹೂಡಬಲ್ಲವನಾಗಿದ್ದರೆ ಮಾತ್ರ. ನೌಕರನಿಗೆ ಆ ದಾರಿಯನ್ನು ಮುಚ್ಚಿದುದು ಸಹಸೇವಕ ತತ್ತ್ವ. ಜೊತೆಯ ಕೆಲಸಗಾರನ ಅಜಾಗರೂಕತೆಯಿಂದ ಬರುವ ಅಪಾಯವನ್ನು ನೌಕರನು ಕೆಲಸಕ್ಕೆ ಸೇರುವಾಗಲೇ ಒಪ್ಪಿರುವನೆಂದೂ, ಅದಕ್ಕೆ ಒಡೆಯನು ಹೊಣೆಯಲ್ಲವೆಂದೂ ಅದು ಸಾರುತ್ತಿತ್ತು.

ಈ ತತ್ತ್ವದ ಮೂಲವು 1837ರ ಪ್ರೀಸ್ಟ್ಲಿ ವಿರುದ್ಧ ಫೌಲರ್ ಮೊಕದ್ದಮೆಯಲ್ಲಿದೆ. ಅಲ್ಲಿದ್ದುದು ಕಟುಕನೊಬ್ಬನ ಬಂಡಿಯ ವಿಷಯ. 1850ರ ಹಚಿನ್‌ಸನ್ ಮೊಕದ್ದಮೆಯಲ್ಲಿ ಅದೇ ತತ್ತ್ವವನ್ನು ರೈಲ್ವೆ ಕಂಪನಿಗೆ ಅನ್ವಯಿಸಲಾಯಿತು. ಒಂದೇ ಕಂಪನಿಯ ಎರಡು ರೈಲುಗಳು ಡಿಕ್ಕಿ ಹೊಡೆದು ಮಡಿದ ನೌಕರನ ಪರವಾಗಿ ಹೂಡಿದ ದಾವೆ ವಿಫಲವಾಯಿತು. 1868ರ ವಿಲ್ಸನ್ ವಿರುದ್ಧ ಮೆರಿ ತೀರ್ಪಿನಲ್ಲಿ, ಗಣಿಯ ಮೇಲ್ವಿಚಾರಕನೂ ಸಹಸೇವಕನೇ ಎಂದು ಲಾರ್ಡ್ಸ್ ಸಭೆ ನಿರ್ಣಯಿಸಿತು. ಕಂಪನಿಗೆ ಸ್ವಂತ ಕೈಕಾಲುಗಳಿಲ್ಲ. ಹಳಿಯನ್ನು ನೋಡಿಕೊಳ್ಳುವವರೆಲ್ಲರೂ ಅದರ ನೌಕರರೇ. ಆದುದರಿಂದ ಹಳಿ ಕೆಟ್ಟರೆ ತಪ್ಪು ಸದಾ ಯಾವನೋ ಸಹಸೇವಕನದಾಗುತ್ತಿತ್ತು, ಕಂಪನಿಯದಾಗುತ್ತಿರಲಿಲ್ಲ. ಸಂಸ್ಥೆ ದೊಡ್ಡದಾದಷ್ಟೂ ಅದರ ಹೊಣೆ ಕಿರಿದಾಯಿತು.

1880ರ ಉದ್ಯೋಗದಾತರ ಹೊಣೆಗಾರಿಕೆ ಕಾಯಿದೆಯು ಈ ಕೋಟೆಯನ್ನು ಹಲವು ಕಡೆ ಒಡೆಯಿತು. ದಾರಿ, ಕಟ್ಟಡ, ಯಂತ್ರಗಳನ್ನು ಸುಸ್ಥಿತಿಯಲ್ಲಿಡಬೇಕಾದವರ ಅಲಕ್ಷ್ಯದಿಂದ ಅವುಗಳಲ್ಲಿ ಉಂಟಾದ ದೋಷಕ್ಕೂ, ರೈಲ್ವೆಯಲ್ಲಿ ಸಿಗ್ನಲ್ಲು, ಪಾಯಿಂಟು, ಎಂಜಿನ್ನುಗಳನ್ನು ವಹಿಸಿಕೊಂಡವರ ಅಲಕ್ಷ್ಯಕ್ಕೂ ಒಡೆಯನು ಹೊಣೆಯಾದನು. ಆದರೂ ಪರಿಹಾರಕ್ಕೆ ಮೂರು ವರ್ಷಗಳ ಸಂಪಾದನೆಯ ಮಿತಿಯಿತ್ತು. ನೌಕರನು ಕರಾರಿನಿಂದ ಈ ಹಕ್ಕನ್ನೇ ಬಿಟ್ಟುಕೊಡಬಹುದೆಂದು 1882ರಲ್ಲಿ ನ್ಯಾಯಾಲಯ ಹೇಳಿತು. ತಪ್ಪನ್ನು ರುಜುವಾತುಪಡಿಸದೆಯೇ ಪರಿಹಾರ ಪಡೆಯುವ ವ್ಯವಸ್ಥೆಯು ರೈಲ್ವೆ ಮೊದಲಾದ ಕೆಲವು ಉದ್ಯೋಗಗಳಿಗೆ 1897ರಲ್ಲಿ ಬಂದಿತು. ಇಂಗ್ಲೆಂಡಿನಲ್ಲಿ ಸಹಸೇವಕ ತತ್ತ್ವವು ಪೂರ್ಣವಾಗಿ ಅಳಿದುದು 1948ರಲ್ಲಿ.

ಭಾರತದಲ್ಲಿ ಕ್ರಮ ಬೇರೆಯಾಯಿತು. 1923ರ ಕಾರ್ಮಿಕರ ಪರಿಹಾರ ಕಾಯಿದೆ ಮೊದಲು ಬಂದು, ಒಡೆಯರ ಹಳೆಯ ಪ್ರತಿವಾದಗಳನ್ನು ಕತ್ತರಿಸಿದ ಉದ್ಯೋಗದಾತರ ಹೊಣೆಗಾರಿಕೆ ಕಾಯಿದೆ 1938ರಲ್ಲಿ ಬಂದಿತು. ಇಲ್ಲಿಯೂ ದಾರಿಯನ್ನೂ ಯಂತ್ರವನ್ನೂ ಸುಸ್ಥಿತಿಯಲ್ಲಿಡುವ ಕರ್ತವ್ಯದ ಮಾತು ಇತ್ತು.

ಈ ಇತಿಹಾಸದಲ್ಲಿ ಬದಲಾದುದು ಪರಿಹಾರದ ಮೊತ್ತವಷ್ಟೇ ಅಲ್ಲ, ನ್ಯಾಯಾಲಯ ಕೇಳುವ ಪ್ರಶ್ನೆಯೂ ಹೌದು. ತಪ್ಪಿದ ನೌಕರನಾರೆಂದು ಕೇಳುತ್ತಿದ್ದಷ್ಟು ಕಾಲ ಕಂಪನಿ ಪಾರಾಯಿತು. ಹಳಿ ಯಾವ ಸ್ಥಿತಿಯಲ್ಲಿತ್ತು, ಅದನ್ನು ಯಾರಿಗಾಗಿ ಕಾಯಲಾಗುತ್ತಿತ್ತು ಎಂದು ಕೇಳಿದಾಗ ಮಾತ್ರ ಹೊಣೆ ಒಡೆಯನನ್ನು ಮುಟ್ಟಿತು.